ಹದಿನೇಳರಲ್ಲಿ ಒಬ್ಬಳು

ಮಾರ್ಚ್ 4, ಸೋಮವಾರ

ಇವತ್ತಿನಿಂದ ಬಂದರಿನ ಸ್ಟೋರಿನ ಕೆಲಸ. ಬೆಳಿಗ್ಗೆ ಹಗ್ಗ, ಕೈಗವಸು, ಹೆಲ್ಮೆಟ್ಟು ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು, ನಡುವೆ ಆಕಳಿಸುವುದು. ಕಿಟಕಿಯಿಂದ ನನ್ನ ಕ್ರೇನಿನ ಕಾಲುಗಳು ಕಾಣುತ್ತವೆ, ತಲೆ ಕಾಣುವುದಿಲ್ಲ. ಹನ್ನೊಂದು ವರ್ಷ ಅದರ ತಲೆಯಲ್ಲಿ ಕೂತಿದ್ದವಳಿಗೆ ಕಾಲು ಇಷ್ಟು ದಪ್ಪ ಎಂದು ಗೊತ್ತೇ ಇರಲಿಲ್ಲ.

ಆದದ್ದನ್ನು ಒಮ್ಮೆ ಬರೆದಿಟ್ಟರೆ ಪದೇ ಪದೇ ನೆನೆಯುವುದು ತಪ್ಪೀತು. ಕಳೆದ ತಿಂಗಳು ಹಡಗಿನಿಂದ ಕಂಟೈನರ್ ಎತ್ತಿ ದಡಕ್ಕೆ ತರುತ್ತಿದ್ದಾಗ ಕ್ಯಾಬಿನ್ ಬುಗುರಿಯಂತೆ ತಿರುಗತೊಡಗಿತು. ತಿರುಗುತ್ತಿರುವುದು ನನ್ನ ಒಳಕಿವಿ ಎಂದು ನನಗೆ ಗೊತ್ತಿತ್ತು. ಆದರೆ ಕಾಲಡಿಯ ಗಾಜಿನಲ್ಲಿ ಸಮುದ್ರ, ಕಬ್ಬಿಣ, ಕೆಳಗೆ ನಿಂತು ಸನ್ನೆ ಕೊಡುವ, ಉದ್ದ ಕಾಲಿಗಾಗಿ ನಾವು ಕೊಕ್ಕರೆ ಎಂದು ಕರೆಯುವ ಹುಡುಗನ ಹಳದಿ ಟೋಪಿ ಎಲ್ಲ ಒಂದರ ಹಿಂದೊಂದು ಓಡುತ್ತಿದ್ದರೆ ಗೊತ್ತಿದ್ದು ಏನು ಪ್ರಯೋಜನ. ಲಿವರ್ ಬಿಟ್ಟೆ. ಬಿಟ್ಟರೆ ಕ್ರೇನು ತಾನೇ ನಿಲ್ಲುತ್ತದೆ. ಕಂಟೈನರ್ ಗಾಳಿಯಲ್ಲಿ ತೂಗುತ್ತ ನಿಂತಿತು. ವಾಕಿಟಾಕಿಯಲ್ಲಿ ಕೊಕ್ಕರೆಯ ದನಿ: “ಅಕ್ಕ, ಕಣ್ಣು ಮುಚ್ಚಿ ಕೂತ್ಕೊಳ್ಳಿ. ಪೆಟ್ಟಿಗೆ ಎಲ್ಲೂ ಓಡಿ ಹೋಗಲ್ಲ.” ಇಬ್ಬರು ಮೇಲೆ ಬಂದು ನನ್ನನ್ನು ಇಳಿಸಿದರು. ವಾಂತಿ ಮಾಡಿಕೊಳ್ಳುತ್ತಲೇ ಇಳಿದೆ.

ಈ ಕಾಯಿಲೆ ನನಗೆ ಹೊಸದಲ್ಲ. ಮೊದಲ ಸಲ ಬಂದಾಗ ಕಿವಿಯ ಡಾಕ್ಟರು ತಮ್ಮ ಪ್ರಯೋಗಕ್ಕೆ ಸೇರಿಸಿಕೊಂಡು ಕಿವಿತಮಟೆಯ ಒಳಗೆ ಚುಚ್ಚುಮದ್ದು ಕೊಟ್ಟಿದ್ದರು. ಆಮೇಲೆ ವರ್ಷಕ್ಕೂ ಮಿಕ್ಕಿ ನನ್ನ ತಲೆ ಕಲ್ಲಿನಂತೆ ನಿಂತಿತ್ತು. ಅದನ್ನು ನಂಬಿಯೇ ಮತ್ತೆ ಹತ್ತಿದ್ದೆ.

ಇವತ್ತು ಊಟದ ಹೊತ್ತಿನಲ್ಲಿ ಸ್ಟೋರಿನ ಕಂಪ್ಯೂಟರಿನಲ್ಲಿ ಕಾಯಿಲೆಯ ಹೆಸರು ಬರೆದು ಹುಡುಕಿದೆ. ಎಲ್ಲರೂ ಸೇರಿ ಬರೆಯುವ ಆ ವಿಶ್ವಕೋಶದ ಪುಟ ಮೊದಲು ಬಂತು. ಕೆಳಗಡೆ ಚಿಕಿತ್ಸೆ ಎಂಬ ಭಾಗದಲ್ಲಿ ಹೀಗಿದೆ: “ಒಂದು ಸಣ್ಣ ಅಧ್ಯಯನದಲ್ಲಿ ಚುಚ್ಚುಮದ್ದು ಪಡೆದ ಹತ್ತೊಂಬತ್ತು ರೋಗಿಗಳಲ್ಲಿ ಹದಿನೇಳು ಮಂದಿಗೆ ತಲೆತಿರುಗು ನಿಂತಿತು.” ಕೆಳಗೆ ಉಲ್ಲೇಖ. ನಮ್ಮ ಡಾಕ್ಟರ ಹೆಸರು.

ಆ ಹದಿನೇಳರಲ್ಲಿ ಒಬ್ಬಳು ನಾನು.

ಮಾರ್ಚ್ 7, ಗುರುವಾರ

ಆ ಪುಟವನ್ನು ಯಾರು ಬೇಕಾದರೂ ತಿದ್ದಬಹುದಂತೆ. ಕೊಂಡಿ ಎಂಬ ಹೆಸರಿನಲ್ಲಿ ಖಾತೆ ತೆರೆದೆ. ಕ್ರೇನಿನ ಕೊಂಡಿ ನನ್ನ ಮನಸ್ಸಿನಲ್ಲಿತ್ತು. ಅಲ್ಲಿನವರು ಅಂತರಜಾಲದ ಕೊಂಡಿ ಎಂದುಕೊಳ್ಳುತ್ತಾರೆ, ಎಂದುಕೊಳ್ಳಲಿ.

ಆ ವಾಕ್ಯದ ಮುಂದೆ ಒಂದು ವಾಕ್ಯ ಸೇರಿಸಿದೆ. “ಇವರಲ್ಲಿ ಒಬ್ಬರಿಗೆ ಒಂದು ವರ್ಷದ ನಂತರ ಕಾಯಿಲೆ ಮರುಕಳಿಸಿದೆ.” ಕೈಯಲ್ಲಿದ್ದ ಚಹಾ ಆರುವಷ್ಟರಲ್ಲಿ ವಾಕ್ಯ ಮಾಯ. ತೆಗೆದವರ ಹೆಸರು ಹಳೇಛತ್ರಿ. ಕಾರಣ: “ಆಧಾರ ಇಲ್ಲ.”

ರಾತ್ರಿಯ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಅವರು ಡ್ರೈವಿಂಗ್ ಕಲಿಸುವವರು. ದಿನವಿಡೀ ಎರಡು ಕಾಲನ್ನೂ ಬ್ರೇಕಿನ ಮೇಲಿಟ್ಟು ಕೂತು ಯಾವುದಕ್ಕೂ ಗಾಬರಿಯಾಗದ ಅಭ್ಯಾಸ. “ಛತ್ರಿ ಅಂತ ಹೆಸರಲ್ಲೇ ಹೇಳ್ಕೊಂಡಿದಾನಲ್ಲ, ಇನ್ನೇನು ನಿರೀಕ್ಷೆ ಮಾಡ್ತೀಯ” ಎಂದರು.

ಮಾರ್ಚ್ 11, ಸೋಮವಾರ

ಮೂರು ಸಲ ಹಾಕಿದೆ, ಮೂರು ಸಲ ತೆಗೆದರು. ನಾಲ್ಕನೆಯ ಸಲ ಹಾಕಿದರೆ ಖಾತೆಗೆ ಬೀಗ ಬೀಳುತ್ತದೆಂದು ಎಚ್ಚರಿಕೆ ಬಂತು. ಏನಿದ್ದರೂ ಚರ್ಚಾಪುಟದಲ್ಲಿ ಹೇಳಿ ಎಂದರು. ಹೇಳಿದೆ.

ಮರುಕಳಿಸಿದ ಆ ಒಬ್ಬರು ನಾನೇ, ನನಗಿಂತ ದೊಡ್ಡ ಆಧಾರ ಬೇಕೇ ಎಂದು ಕೇಳಿದೆ. ಛತ್ರಿಯ ಉತ್ತರ ಮರ್ಯಾದೆಯಿಂದಲೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. “ಕೊಂಡಿಯವರೇ, ನೀವು ಹೇಳುತ್ತಿರುವುದು ನಿಜವೇ ಇರಬಹುದು. ಆದರೆ ನೀವು ಯಾರೆಂದು ಓದುಗರಿಗೆ ತಿಳಿಯುವ ದಾರಿ ಇಲ್ಲ. ನಾಳೆ ಇನ್ನೊಬ್ಬರು ಬಂದು ತಾನು ಹದಿನೆಂಟನೆಯವನು, ಈ ಮದ್ದಿನಿಂದ ಕಿವುಡು ಹೋಯಿತು, ಬೊಕ್ಕತಲೆಯಲ್ಲಿ ಕೂದಲೂ ಬಂತು ಎಂದರೆ ಅದನ್ನೂ ಹಾಕಬೇಕಾಗುತ್ತದೆ. ಎಲ್ಲಿಯಾದರೂ ಅಚ್ಚಾಗಿದ್ದರೆ ತೋರಿಸಿ.”

ನನ್ನ ಕಿವಿಯೊಳಗೆ ಆಗುವುದು ಎಲ್ಲಿ ಅಚ್ಚಾಗಬೇಕು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ಅತ್ತೆಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡು, “ಆ ಕೂದಲಿನ ಮಾತು ಚೆನ್ನಾಗಿದೆ” ಎಂದು ನಕ್ಕರು. ನನ್ನ ಕಡೆಯವರು ಯಾರೂ ಇಲ್ಲ.

ಮಾರ್ಚ್ 20, ಬುಧವಾರ

ಇವತ್ತು ಬಂತು. ಬಚ್ಚಲಿನಲ್ಲಿ. ಮೊದಲು ಎಡಕಿವಿಯಲ್ಲಿ ಗುಂಯ್ ಎಂಬ ಸದ್ದು, ಕಿವಿಗೆ ಹತ್ತಿ ತುರುಕಿದ ಹಾಗೆ. ಆಮೇಲೆ ಗೋಡೆ ಎಡದಿಂದ ಬಲಕ್ಕೆ ಜಾರಿತು, ಮತ್ತೆ ಎಡಕ್ಕೆ ಬಂದು ಜಾರಿತು. ನೆಲದ ಮೇಲೆ ಅಂಗಾತ ಮಲಗಿ ನಲ್ಲಿಯನ್ನೇ ದಿಟ್ಟಿಸಿದೆ. ನಲ್ಲಿಯೂ ನಿಲ್ಲಲಿಲ್ಲ. ಮನೆಯವರು ಬಾಗಿಲು ಒಡೆಯುವುದೋ ಬೇಡವೋ ಎಂದು ಹೊರಗಿನಿಂದ ಕೇಳುತ್ತಿದ್ದರು, ಹಾಗೆ ಕೇಳಿಕೊಂಡು ಒಡೆಯುವವರು ಅವರೊಬ್ಬರೇ. ಚಿಲಕ ತೆಗೆಯಲು ನನಗೆ ತುಂಬ ಹೊತ್ತು ಬೇಕಾಯಿತು. ದಿನವೆಲ್ಲ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಇದನ್ನೆಲ್ಲ ಛತ್ರಿಗೆ ಕಳಿಸಬೇಕು ಎನ್ನಿಸಿತು, ತಗೋ ಆಧಾರ ಎಂದು.

ಏಪ್ರಿಲ್ 2, ಮಂಗಳವಾರ

ಸೇಫ್ಟಿ ಆಫೀಸರ್ ಕರೆಸಿದ್ದರು. ಮೇಜಿನ ಮೇಲೆ ಎರಡು ಹಾಳೆ. ನೋಡಿದರೆ ಅದೇ ಪುಟವನ್ನು ಅಚ್ಚು ಹಾಕಿಸಿಕೊಂಡಿದ್ದಾರೆ. ಹದಿನೇಳರ ಸಾಲಿಗೆ ಹಸಿರು ಬಣ್ಣ ಬಳಿದಿದ್ದಾರೆ.

“ಬಹಳ ಜನಕ್ಕೆ ಗುಣ ಆಗುತ್ತೆ ಅಂತ ಬರೆದಿದೆ ನೋಡಿ. ಇನ್ನೊಂದು ಸಲ ಹಾಕಿಸಿಕೊಂಡು, ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ತಂದುಬಿಡಿ. ವರ್ಷದ ಕೊನೆಯವರೆಗೂ ನಿಮ್ಮ ಜಾಗ ಹಾಗೇ ಇಟ್ಟಿರ್ತೀನಿ.”

ನಡುನಡುವೆ ಮನೆಯಲ್ಲಿ ತಲೆ ತಿರುಗಿದರೆ ಎಂದು ಕೇಳಿದೆ.

“ಮನೇಲಿ ಆಗೋದು ನಿಮ್ಮ ಮನೆ ವಿಷಯ” ಎಂದರು. ಕೆಟ್ಟವರಲ್ಲ. ಹನ್ನೊಂದು ವರ್ಷದಲ್ಲಿ ಒಂದು ಪೆಟ್ಟಿಗೆಯ ಮೂಲೆಯನ್ನೂ ತಾಗಿಸದವಳನ್ನು ಕಳೆದುಕೊಳ್ಳಲು ಅವರಿಗೆ ಇಷ್ಟವಿಲ್ಲ. ಅವರೇ ಹಾಗೆಂದರು. ಕೇಳಿ ಹಿಗ್ಗಾಯಿತು. ಮೆಟ್ಟಿಲು ಇಳಿದು ಬರುವಾಗ ಕ್ರೇನಿನ ತಲೆಯನ್ನು ಕತ್ತೆತ್ತಿ ನೋಡಿದೆ. ಡಿಸೆಂಬರಿಗೆ ಇನ್ನೂ ಬೇಕಾದಷ್ಟು ಸಮಯವಿದೆ.

ಏಪ್ರಿಲ್ 15, ಸೋಮವಾರ

ಮಾನ ಹೋಯಿತು.

ಹೋದ ವಾರವೆಲ್ಲ ಹುಡುಕಿ ಹುಡುಕಿ ಒಂದು ಸಂಶೋಧನಾ ಲೇಖನ ಹಿಡಿದಿದ್ದೆ. ಇದೇ ಮದ್ದು, ಇದೇ ಒಳಕಿವಿ, ಇಪ್ಪತ್ತು ಮಂದಿಯ ಮೇಲೆ ಪ್ರಯೋಗ. ಮದ್ದಿನ ಪರಿಣಾಮ ಕೆಲವು ವಾರಗಳಲ್ಲಿ ಇಳಿದುಹೋಯಿತು ಎಂದು ಸಾರಾಂಶದಲ್ಲಿ ಸ್ಪಷ್ಟವಾಗಿತ್ತು. ಅಚ್ಚಾಗಿದೆ, ಆಧಾರವಿದೆ, ಇನ್ನೇನು ಬೇಕು ಎಂದು ಎದೆಯುಬ್ಬಿಸಿ ಪುಟಕ್ಕೆ ಸೇರಿಸಿದೆ. ಛತ್ರಿ ಚರ್ಚಾಪುಟದಲ್ಲಿ ಒಂದೇ ಸಾಲು ಬರೆದರು: “ಕೊಂಡಿಯವರೇ, ಲೇಖನದ ಒಳಗೆ ಹೋಗಿ ನೋಡಿ. ಆ ಇಪ್ಪತ್ತು ಮಂದಿ ಗಿನಿ ಇಲಿಗಳು.”

ಮನೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ. ಆಮೇಲೆ ಸ್ವಲ್ಪ ನಕ್ಕೆ.

ನಾಚಿಕೆ ಬಿಟ್ಟು ಛತ್ರಿಯನ್ನೇ ಕೇಳಿದೆ, ಹಾಗಾದರೆ ಹೇಗೆ ಓದಬೇಕು, ಏನು ನೋಡಬೇಕು ಎಂದು. ಉದ್ದನೆಯ ಉತ್ತರ ಬಂತು. ಈ ಕಾಯಿಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದಂತೆ. ಜನ ಡಾಕ್ಟರ ಹತ್ತಿರ ಓಡುವುದು ತೀರಾ ಜೋರಾದಾಗ. ಜೋರಾದದ್ದು ಇಳಿಯಲೇಬೇಕು, ಮದ್ದು ಕೊಟ್ಟರೂ ಕೊಡದಿದ್ದರೂ. ನಮ್ಮ ಡಾಕ್ಟರು ಹತ್ತೊಂಬತ್ತು ಮಂದಿಗೂ ಮದ್ದನ್ನೇ ಕೊಟ್ಟರು. ಅರ್ಧ ಜನಕ್ಕೆ ಬರೀ ನೀರು ಕೊಟ್ಟು ಹೋಲಿಸಿ ನೋಡಿದ್ದರೆ ಏನಾದರೂ ತಿಳಿಯುತ್ತಿತ್ತು. ಆದ್ದರಿಂದ ಹದಿನೇಳು ಎಂಬ ಸಂಖ್ಯೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ, ನಿಮಗೆ ಮರುಕಳಿಸಿತು ಎಂಬುದರಿಂದಲೂ ಹೆಚ್ಚೇನೂ ಗೊತ್ತಾಗುವುದಿಲ್ಲ ಎಂದು ಬರೆದಿದ್ದರು.

ಅತ್ತೆಗೆ ಇದನ್ನು ಬಿಡಿಸಿ ಹೇಳುತ್ತಿದ್ದೆ. ಅರ್ಧಕ್ಕೇ ತಡೆದು, “ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಅದೇ ತಾನೆ” ಎಂದರು. ಅದೇ. ಆದರೆ ವಿಶ್ವಕೋಶದಲ್ಲಿ ಗಾದೆಗೂ ಆಧಾರ ಕೇಳುತ್ತಾರೆ.

ಹಾಗಿದ್ದರೆ ಆ ಹದಿನೇಳರ ಸಾಲು ಪುಟದಲ್ಲಿ ಯಾಕಿದೆ ಎಂದು ಛತ್ರಿಯನ್ನು ಕೇಳಿದೆ. ತಾನು ಹಿಂದೊಮ್ಮೆ ತೆಗೆದದ್ದಾಗಿಯೂ, ಬೇರೆಯವರು ಜಗಳ ಮಾಡಿ ಉಳಿಸಿಕೊಂಡದ್ದಾಗಿಯೂ, ಕೊನೆಗೆ “ಒಂದು ಸಣ್ಣ ಅಧ್ಯಯನದಲ್ಲಿ” ಎಂದು ಸೇರಿಸಿ ರಾಜಿಯಾದದ್ದಾಗಿಯೂ ಹೇಳಿದರು. “ನೀವು ತೆಗೆಯೋಣ ಎಂದರೆ ನಾನು ಜೊತೆಗಿದ್ದೇನೆ.”

ತೆಗೆಯೋಣ ಎಂದು ಬರೆಯಲು ಕೂತೆ. ಬೆರಳು ಏಳಲಿಲ್ಲ. ಯಾಕೋ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ಹಗ್ಗ ಕೇಳಿಕೊಂಡು ಬಂದರು.

ಏಪ್ರಿಲ್ 27, ಶನಿವಾರ

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಹೋದದ್ದು ಸರ್ಟಿಫಿಕೇಟಿನ ವಿಷಯ ಮಾತಾಡಲು. ಅವರು ಕಿವಿ ನೋಡಿದರು, ನಡೆಸಿ ನೋಡಿದರು, ಕಣ್ಣು ಮುಚ್ಚಿಸಿ ಒಂಟಿ ಕಾಲಲ್ಲಿ ನಿಲ್ಲಿಸಿದರು. ವಾಲಿದೆ. ಇನ್ನೊಮ್ಮೆ ಮದ್ದು ಕೊಡಬಹುದು, ಕೊಟ್ಟಮೇಲೆ ನೋಡೋಣ ಎಂದರು.

ನನ್ನ ಬಾಯಿಂದ ಬೇರೆಯೇ ಮಾತು ಬಂತು. ಉಳಿದ ಹದಿನಾರು ಜನ ಈಗ ಹೇಗಿದ್ದಾರೆ ಎಂದು ಕೇಳಿದೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಪ್ರಯೋಗ ಇದ್ದದ್ದೇ ಆರು ತಿಂಗಳಿಗೆ, ಅಷ್ಟಕ್ಕೇ ಅನುಮತಿ, ಆಮೇಲೆ ಯಾರನ್ನೂ ಕರೆಸಲಿಲ್ಲ ಎಂದರು.

“ಯಾರಾದರೂ ನಿಮ್ಮನ್ನ ಕೇಳಿದ್ರಾ ಡಾಕ್ಟ್ರೇ, ಆಮೇಲೆ ಏನಾಯ್ತು ಅಂತ?”

“ಇಲ್ಲಮ್ಮ. ಲೇಖನ ಓದಿದವರು ಎಷ್ಟೋ ಜನ ಮದ್ದಿನ ಅಳತೆ ಕೇಳಿ ಬರೆದರು. ಇದನ್ನ ಮಾತ್ರ ಯಾರೂ ಕೇಳಲಿಲ್ಲ.”

ಆ ವಿಶ್ವಕೋಶದ ಪುಟದಲ್ಲಿ ತಮ್ಮ ಅಧ್ಯಯನ ಇರುವುದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಫೋನಿನಲ್ಲಿ ತೋರಿಸಿದೆ. ಎರಡು ಸಲ ಓದಿದರು. ಎಲ್ಲರಿಗೂ ಫೋನು ಮಾಡಿಸಿ ನೋಡುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು. ಬಾಗಿಲವರೆಗೆ ಎದ್ದು ಬಂದರು. ಸರ್ಟಿಫಿಕೇಟು ಕೇಳುವುದು ಮರೆತೇಹೋಯಿತು.

ಮನೆಗೆ ಬರುವಾಗ ಮನೆಯವರೇ ಕಾರು ಓಡಿಸುತ್ತಿದ್ದರು. ಸಿಗ್ನಲಿನಲ್ಲಿ ನಿಂತಾಗ, “ಕಾಲ ಮೇಲೆ ನೀನೇ ಚಪ್ಪಡಿ ಎಳ್ಕೊಳ್ತಾ ಇದೀಯ, ಗೊತ್ತಾಗ್ತಿದೆಯಾ?” ಎಂದರು. ಯಾವ ಚಪ್ಪಡಿ ಎಂದೆ. ಅವರು ಗೇರು ಬದಲಾಯಿಸಿದರು.

ಮೇ 6, ಸೋಮವಾರ

ಬಂತು. ಹಲ್ಲುಜ್ಜುವಾಗ. ಮಧ್ಯಾಹ್ನದ ಹೊತ್ತಿಗೆ ಹೋಯಿತು.

ಜೂನ್ 1, ಶನಿವಾರ

ಈಗ ಬೇರೆ ಪುಟಗಳನ್ನೂ ನೋಡುತ್ತೇನೆ. ಮೂಲವ್ಯಾಧಿಯ ಪುಟದಲ್ಲಿ ಯಾರೋ ತಮ್ಮದೇ ಎಣ್ಣೆಯ ಅಂಗಡಿಯ ವಿಳಾಸ ಸೇರಿಸಿದ್ದರು, ತೆಗೆದೆ. ಮೊಣಕಾಲು ನೋವಿನ ಪುಟದಲ್ಲಿ “ಸಂಶೋಧನೆಗಳು ಹೇಳುತ್ತವೆ” ಎಂದಿತ್ತು. ಯಾವ ಸಂಶೋಧನೆ ಎಂದು ಕೇಳಿದೆ. ಉತ್ತರವಿಲ್ಲ, ಅದನ್ನೂ ತೆಗೆದೆ. ಬಂದರಿನಲ್ಲಿ ತಂತಿಹಗ್ಗದ ಒಂದು ಎಳೆ ಕಿತ್ತುಹೋಗಿದ್ದರೆ ಬದಿಗಿಡುತ್ತೇವೆ, ಅದೇ ಕೆಲಸ ಇದು. ಛತ್ರಿ ಒಮ್ಮೊಮ್ಮೆ ಬಂದು “ಸರಿ” ಎಂದಷ್ಟೇ ಬರೆದು ಹೋಗುತ್ತಾರೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವರಂತೆ. “ಮಕ್ಕಳಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ” ಎಂದು ಒಂದು ದಿನ ಬರೆದಿದ್ದರು. ಗಂಡಸೋ ಹೆಂಗಸೋ ಇನ್ನೂ ಗೊತ್ತಿಲ್ಲ.

ನಮ್ಮ ಕಾಯಿಲೆಯ ಪುಟಕ್ಕೆ ಹೊಸಬರು ಬಂದಿದ್ದಾರೆ. ಹೆಸರು ಸಂಜೆಗಾಳಿ. “ಸಣ್ಣ” ಎಂಬ ಪದ ತೆಗೆದು, “ಈ ಚುಚ್ಚುಮದ್ದಿನಿಂದ ಪೂರ್ಣ ಗುಣವಾಗುತ್ತದೆ” ಎಂದು ಬರೆದಿದ್ದರು. ನಾನು ಅದನ್ನು ಮೊದಲಿದ್ದಂತೆಯೇ ತಿದ್ದಿಟ್ಟೆ. ಚರ್ಚಾಪುಟಕ್ಕೆ ಬಂದರು. ಬೇರೆ ಊರಿನಲ್ಲಿ ಇದೇ ಮದ್ದು ಹಾಕಿಸಿಕೊಂಡ ಮೇಲೆ ತನಗೆ ನಾಲ್ಕು ವರ್ಷದಿಂದ ಒಮ್ಮೆಯೂ ತಲೆ ತಿರುಗಿಲ್ಲ, ಅದಕ್ಕೂ ಮೊದಲು ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದೆ, ಈಗ ಅದೇ ಮಗುವಿನ ಜೊತೆ ಈಜಲು ಹೋಗುತ್ತೇನೆ, ನಾನೇನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ಕೇಳಿದ್ದರು.

ನೀವು ಹೇಳುವುದು ನಿಜವೇ ಇರಬಹುದು, ಆದರೆ ಒಬ್ಬರ ಅನುಭವ ಇಲ್ಲಿ ಆಧಾರವಾಗುವುದಿಲ್ಲ, ಅಚ್ಚಾದದ್ದಿದ್ದರೆ ತೋರಿಸಿ ಎಂದು ಬರೆದೆ. ಅವರು ಮತ್ತೆ ಬರಲಿಲ್ಲ. ಅವರ ಖಾತೆಯ ಪುಟದಲ್ಲಿ “ಇಲ್ಲಿಯ ಜನಕ್ಕೆ ಹೃದಯವಿಲ್ಲ” ಎಂದು ಬರೆದು ಹೋಗಿದ್ದಾರೆ.

ಅತ್ತೆ ಮೂರು ಸಲ ಊಟಕ್ಕೆ ಕರೆದರಂತೆ, ನನಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದು ಕಿವಿಯಿಂದಲ್ಲ.

ಜುಲೈ 9, ಮಂಗಳವಾರ

ಮಧ್ಯಾಹ್ನ ಬಂದರಿನ ಅಂಗಳದಲ್ಲಿ ಬಂತು. ಕೊಕ್ಕರೆ ಅಲ್ಲೇ ಇದ್ದ. ಎತ್ತಲು ಬರಲಿಲ್ಲ, ಜನ ಸೇರಿಸಲಿಲ್ಲ. ಉದ್ದ ಕಾಲು ಮಡಚಿಕೊಂಡು ಪಕ್ಕದಲ್ಲಿ ನೆಲದ ಮೇಲೇ ಕೂತು ತನ್ನ ಟೋಪಿಯನ್ನು ನನ್ನ ಮುಖದ ಮೇಲೆ ನೆರಳಿಗೆ ಹಿಡಿದ. ಹೊಸ ಆಪರೇಟರ್ ಪೆಟ್ಟಿಗೆ ಇಳಿಸುವಾಗ ಕೊನೆಯಲ್ಲಿ ಧಡ್ ಎನ್ನಿಸುತ್ತಾನೆ, ನೀವು ಬೆಕ್ಕು ಮರಿಯನ್ನು ಇಟ್ಟ ಹಾಗೆ ಇಡುತ್ತಿದ್ದಿರಿ ಎಂದೆಲ್ಲ ಏನೇನೋ ಹೇಳುತ್ತಿದ್ದ. ತಿರುಗುವುದು ನಿಂತ ಮೇಲೆ ಕೇಳಿದೆ, ಆವತ್ತು ಪೆಟ್ಟಿಗೆ ಮೇಲೆ ತೂಗುತ್ತಿದ್ದಾಗ ನೀನು ಎಲ್ಲಿ ನಿಂತಿದ್ದೆ ಎಂದು.

“ಅದರ ಕೆಳಗೇ ಅಕ್ಕ. ಮಾತಾಡ್ತಾ ಮಾತಾಡ್ತಾ ಸರಿಯೋದು ಮರೆತುಹೋಯ್ತು.”

ಪೆಟ್ಟಿಗೆ ಎಲ್ಲೂ ಓಡಿ ಹೋಗಲ್ಲ ಎಂದು ಆವತ್ತು ಹೇಳಿದ್ದು ಅದರ ಕೆಳಗೇ ನಿಂತುಕೊಂಡು.

ಆಗಸ್ಟ್ 12, ಸೋಮವಾರ

ಡಾಕ್ಟರು ಫೋನು ಮಾಡಿದ್ದರು. ಹತ್ತೊಂಬತ್ತರಲ್ಲಿ ಹದಿನಾಲ್ಕು ಮಂದಿ ಸಿಕ್ಕರು. ಎಂಟು ಮಂದಿಗೆ ಮರುಕಳಿಸಿದೆ. ನನ್ನನ್ನು ಬಿಟ್ಟರೆ ಅವರಲ್ಲಿ ಯಾರೊಬ್ಬರೂ ಡಾಕ್ಟರಿಗೆ ತಿಳಿಸಿರಲಿಲ್ಲ. ಒಬ್ಬರು, ಅಷ್ಟು ಒಳ್ಳೆಯ ಡಾಕ್ಟರಿಗೆ ಬೇಜಾರು ಮಾಡುವುದು ಯಾಕೆ ಎಂದು ಸುಮ್ಮನಿದ್ದೆ ಎಂದರಂತೆ. ಇದನ್ನೆಲ್ಲ ಡಾಕ್ಟರು ಲೇಖನ ಪ್ರಕಟಿಸಿದ್ದ ಪತ್ರಿಕೆಗೇ ಪತ್ರ ಬರೆದಿದ್ದಾರೆ, ಈ ವಾರ ಅಚ್ಚಾಗಿ ಬಂದಿದೆ.

ಕಳಿಸಿದರು, ಓದಿದೆ. ಅರ್ಧ ಪುಟ. ಎಂಟು ಎಂಬ ಅಂಕಿಯಲ್ಲಿ ನಾನಿದ್ದೇನೆ. ಅಚ್ಚಾದೆ.

ಪುಟಕ್ಕೆ ಸೇರಿಸಿದೆ, ಉಲ್ಲೇಖದೊಡನೆ. ಛತ್ರಿ ತೆಗೆಯಲಿಲ್ಲ. ಚರ್ಚಾಪುಟದಲ್ಲಿ ಹೀಗೆ ಬರೆದರು: “ಅಭಿನಂದನೆ. ಉಲ್ಲೇಖ ಸರಿಯಾಗಿದೆ. ಒಂದೇ ಪ್ರಶ್ನೆ. ಹದಿನೇಳರಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂದು ನಾವಿಬ್ಬರೂ ಒಪ್ಪಿದ್ದೆವು. ಎಂಟರಿಂದ ತಿಳಿಯುತ್ತದೆಯೇ? ನಿಮಗೆ ತೋಚಿದ ಹಾಗೆ ಮಾಡಿ, ನಾನು ಮುಟ್ಟುವುದಿಲ್ಲ.”

ಆಗಸ್ಟ್ 16, ಶುಕ್ರವಾರ

ಸ್ಟೋರಿನಲ್ಲಿ ಕೈಗವಸು ಮುಗಿದಿವೆ. ಮೂರು ಸಲ ಹೇಳಿ ಕಳಿಸಿದೆ. ಬೇರೆ ವಿಶೇಷವಿಲ್ಲ.

ಆಗಸ್ಟ್ 23, ಶುಕ್ರವಾರ

ಎರಡು ಸಾಲನ್ನೂ ತೆಗೆದೆ.

ಬೆಳಿಗ್ಗೆ ಎದ್ದಾಗ ತೀರ್ಮಾನ ಮಾಡಿರಲಿಲ್ಲ. ಒಂಬತ್ತರ ಹೊತ್ತಿಗೆ ಹೆಲ್ಮೆಟ್ಟು ಹಂಚುವುದು ಮುಗಿಯಿತು, ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಹದಿನೇಳರ ಸಾಲು, ಆಮೇಲೆ ಎಂಟರ ಸಾಲು. ಆ ಜಾಗದಲ್ಲಿ ಬರೆದದ್ದು: “ಚುಚ್ಚುಮದ್ದಿನ ಪರಿಣಾಮದ ಬಗ್ಗೆ ಖಚಿತವಾಗಿ ಹೇಳುವಷ್ಟು ಆಧಾರ ಇನ್ನೂ ಇಲ್ಲ.” ಇದಕ್ಕೆ ಹೊಸದೊಂದು ಸಮೀಕ್ಷಾ ಲೇಖನದ ಉಲ್ಲೇಖ ಕೊಟ್ಟೆ, ಜಗತ್ತಿನಲ್ಲಿ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡಿರುವ ಲೇಖನ ಅದು. ಈ ಸಲ ಒಳಗೆ ಹೋಗಿ ಕೊನೆಯವರೆಗೂ ಓದಿದ್ದೇನೆ. ಎಲ್ಲರೂ ಮನುಷ್ಯರೇ.

ಛತ್ರಿ ಬಂದು ಒಂದು ಅಲ್ಪವಿರಾಮ ಸರಿ ಮಾಡಿ ಹೋದರು.

ಹನ್ನೊಂದಕ್ಕೆ ಸೇಫ್ಟಿ ಆಫೀಸರ್ ಹತ್ತಿರ ಹೋಗಿ, ಕ್ರೇನಿನ ಜಾಗವನ್ನು ಹೊಸಬನಿಗೇ ಕೊಟ್ಟುಬಿಡಿ ಎಂದೆ. ಅವರು ಡ್ರಾಯರ್ ಎಳೆದು ಹಸಿರು ಬಳಿದ ಹಾಳೆ ತೆಗೆದರು. ಅದು ಹಳೆಯದು, ಬದಲಾಗಿದೆ ಎಂದೆ. ಯಾರು ಬದಲಾಯಿಸಿದರು ಎಂದು ಕೇಳಿದರು. ನಾನೇ ಎಂದೆ. ನನ್ನ ಮುಖವನ್ನೇ ನೋಡಿದರು.

“ಸುಮ್ಮನೆ ಇದ್ದಿದ್ದರೆ ಆಗ್ತಿತ್ತಲ್ಲ. ನಾನೇನು ಕಿವಿಯೊಳಗೆ ಬಗ್ಗಿ ನೋಡ್ತಿದ್ನಾ?”

ನೋಡುತ್ತಿರಲಿಲ್ಲ ಸಾರ್, ಅದಕ್ಕೇ ಬಂದೆ ಎಂದೆ. ಸ್ಟೋರು ಖಾಯಂ ಆಯಿತು. ಸಂಬಳ ಸ್ವಲ್ಪ ಇಳಿಯುತ್ತದೆ.

ಮನೆಯಲ್ಲಿ ಹೇಳಿದಾಗ ಮನೆಯವರು ಚಪ್ಪಡಿಯ ಮಾತೆತ್ತಲಿಲ್ಲ. ತಟ್ಟೆ ತೊಳೆಯುತ್ತ ನಿಂತಿದ್ದರು. ಕೈ ಒರೆಸಿಕೊಂಡು ಬಂದು ನನ್ನ ಎಡಗಡೆ ಕೂತರು, ಆ ಕಿವಿಗೆ ಈಗ ಸರಿಯಾಗಿ ಕೇಳಿಸುವುದಿಲ್ಲ ಎಂದು ನೆನಪಾಗಿ ಎದ್ದು ಬಲಗಡೆ ಬಂದು ಕೂತರು. ಹಾಗೇ ಕೂತಿದ್ದೆವು. ಅತ್ತೆ ದೀಪ ಹಾಕಿದರು.

ಅಕ್ಟೋಬರ್ 3, ಗುರುವಾರ

ಬಹಳ ದಿನವಾಯಿತು ಬರೆದು. ನಡುವೆ ಎರಡೋ ಮೂರೋ ಸಲ ಬಂದು ಹೋಯಿತು.

ಡಾಕ್ಟರು ಹೊಸ ಪ್ರಯೋಗ ಶುರು ಮಾಡುತ್ತಿದ್ದಾರೆ. ಈ ಸಲ ದೊಡ್ಡದು, ಇನ್ನೂ ಕೆಲವು ಆಸ್ಪತ್ರೆಗಳು ಸೇರಿವೆ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಉಪ್ಪುನೀರು. ಯಾರಿಗೆ ಯಾವುದು ಎಂದು ಚುಚ್ಚುವವರಿಗೂ ಗೊತ್ತಿರುವುದಿಲ್ಲ. ಮರುಕಳಿಸಿದವರದೇ ಒಂದು ಗುಂಪು ಬೇಕಂತೆ, ಬರುತ್ತೀರಾ ಎಂದು ಕೇಳಿದರು. ಒತ್ತಾಯವಿಲ್ಲ, ಇಲ್ಲವೆಂದರೆ ಮಾಮೂಲಿನಂತೆ ಮದ್ದನ್ನೇ ಕೊಡುತ್ತೇನೆ ಎಂದೂ ಹೇಳಿದರು.

ಮನೆಯಲ್ಲಿ ಪಂಚಾಯಿತಿ ಆಯಿತು. ಮನೆಯವರದು ನೇರ ಲೆಕ್ಕ. ಮದ್ದೇ ಸಿಗುತ್ತದೆ ಎನ್ನುವಾಗ ನೀರು ಸಿಗಬಹುದಾದ ಸಾಲಿನಲ್ಲಿ ಯಾಕೆ ನಿಲ್ಲಬೇಕು? ಅತ್ತೆ, ಕಿವಿಗೆ ನೀರು ಹೋದರೆ ಸೋರುತ್ತದೆ ಎಂದರು. ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದಿರುವಾಗ, ಮದ್ದು ಸಿಗಲಿಲ್ಲ ಎಂದು ಅಳುವುದಾದರೂ ಹೇಗೆ ಎಂದು ನಾನು ಕೇಳಿದೆ. ಮನೆಯವರು ನನ್ನನ್ನೇ ನೋಡುತ್ತಿದ್ದರು.

“ನೀನು ಆ ಛತ್ರಿ ಥರಾನೇ ಮಾತಾಡ್ತೀಯ ಈಗ.”

“ಬೈದಿದ್ದಾ, ಹೊಗಳಿದ್ದಾ?”

“ನನಗೂ ಗೊತ್ತಿಲ್ಲ ಕಣೇ.”

ಬರುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ.

ಚರ್ಚಾಪುಟದಲ್ಲೂ ಬರೆದೆ. ಈ ಚುಚ್ಚುಮದ್ದಿನ ಪ್ರಯೋಗಕ್ಕೆ ಸೇರಿಕೊಂಡಿರುವುದರಿಂದ ಇನ್ನು ಮುಂದೆ ಈ ಪುಟವನ್ನು ನಾನು ತಿದ್ದುವುದು ಸರಿಯಲ್ಲ, ನೋಡಿಕೊಳ್ಳಿ ಎಂದು. ಸಂಜೆ ಛತ್ರಿಯ ಉತ್ತರವಿತ್ತು. “ನೋಡಿಕೊಳ್ಳುತ್ತೇನೆ. ಮೊಣಕಾಲಿನ ಪುಟಕ್ಕೆ ಬರುತ್ತಿರಿ. ಹುಷಾರು.” ಈ ಹುಷಾರು ಎಂಬುದನ್ನು ಅವರು ಬೇರೆ ಯಾರಿಗೂ ಬರೆದದ್ದು ನೋಡಿಲ್ಲ. ನಿಯಮದ ಪ್ರಕಾರ ಚರ್ಚಾಪುಟದಲ್ಲಿ ಪುಟಕ್ಕೆ ಸಂಬಂಧಿಸದ ಮಾತು ಬರೆಯುವಂತಿಲ್ಲ.

ಸಂಜೆಗಾಳಿಯವರ ಖಾತೆಯ ಪುಟಕ್ಕೂ ಹೋಗಿದ್ದೆ. ನೀವು ಈಜಲು ಹೋಗುತ್ತಿರುವುದು ಓದಿ ನನಗೆ ಸಂತೋಷವಾಗಿತ್ತು, ಅದನ್ನು ಆವತ್ತು ಹೇಳಲಿಲ್ಲ ಎಂದು ಬರೆದು ಬಂದೆ. ಅವರು ನೋಡುತ್ತಾರೋ ಇಲ್ಲವೋ.

ನವೆಂಬರ್ 21, ಗುರುವಾರ

ಇವತ್ತು ಚುಚ್ಚಿಸಿಕೊಂಡೆ.

ಆಸ್ಪತ್ರೆಯಲ್ಲಿ ಹೊರಗಿನ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿದ್ದಳು. ನನಗಿಂತ ಚಿಕ್ಕವಳು. ಅಂಚೆ ಹಂಚುವ ಕೆಲಸವಂತೆ. ಬೈಸಿಕಲ್ಲಿನಿಂದ ಎರಡು ಸಲ ಬಿದ್ದಿದ್ದಾಳೆ, ಮೊಣಕೈಯಲ್ಲಿ ಇನ್ನೂ ಕಲೆ ಇದೆ. ಮೊದಲ ಸಲ ಬಂದವಳು. ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ನಾನು ಮೊದಲೂ ಹಾಕಿಸಿಕೊಂಡಿದ್ದೆ ಎಂದು ದಾದಿಯ ಮಾತಿನಿಂದ ಅವಳಿಗೆ ಗೊತ್ತಾಯಿತು. ನನ್ನ ಕಡೆ ತಿರುಗಿ ಕೂತಳು.

“ಆಗ ನಿಮಗೆ ಗುಣ ಆಗಿತ್ತಾ ಅಕ್ಕ?”

ವರ್ಷಕ್ಕೂ ಹೆಚ್ಚು ಚೆನ್ನಾಗಿದ್ದೆ, ಎತ್ತರ ಹತ್ತಿ ಕೆಲಸವನ್ನೂ ಮಾಡಿದೆ, ಆಮೇಲೆ ಮತ್ತೆ ಬಂತು ಎಂದೆ. ಚೆನ್ನಾಗಿದ್ದದ್ದು ಮದ್ದಿನಿಂದಲೋ ತಾನಾಗಿಯೋ ನನಗೆ ಗೊತ್ತಿಲ್ಲ ಎಂದೆ. ಬಂದಾಗ ಹೇಗಿರುತ್ತದೆ ಎಂದು ಕೇಳಿದಳು. ಬಚ್ಚಲಿನ ನಲ್ಲಿಯ ಕಥೆ ಹೇಳಿದೆ, ಅಂಗಳದಲ್ಲಿ ಬಿದ್ದದ್ದು ಹೇಳಿದೆ, ಕಣ್ಣು ಮುಚ್ಚುವುದಕ್ಕಿಂತ ಒಂದೇ ಕಡೆ ದಿಟ್ಟಿಸುವುದು ನನಗೆ ಮೇಲು ಎಂದೂ, ಆದರೆ ಅದು ನನ್ನ ಮಾತು, ನಿನಗೆ ಬೇರೆ ಇರಬಹುದು ಎಂದೂ ಹೇಳಿದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ನನಗೂ ಹಾಗೇ, ನನಗೂ ಹಾಗೇ ಎನ್ನುತ್ತಿದ್ದಳು. ಆಧಾರ ಕೇಳಲಿಲ್ಲ.

“ನೋವಾಗುತ್ತಾ?”

“ಚುಚ್ಚೋವಾಗ ಸ್ವಲ್ಪ. ಆಮೇಲೆ ತಣ್ಣಗಾಗುತ್ತೆ. ಅದು ಮಾತ್ರ ನಿಜ, ಬರೆದಿಟ್ಟುಕೋ.”

ಅವಳು ನಕ್ಕಳು. ಮೊದಲು ಅವಳನ್ನೇ ಕರೆದರು. ಎದ್ದಳು, ಚೀಲ ಎಲ್ಲಿಡುವುದೆಂದು ಅತ್ತಿತ್ತ ನೋಡಿದಳು, ನನ್ನ ಕೈಗೆ ಕೊಟ್ಟು ಒಳಗೆ ಹೋದಳು.